ಠಾಣೆಯ ಜಗಲಿಯಲ್ಲಿ ಶಿಕಾರಿಯ ಮಾತು

2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದೇ ತಡ, ಕಾರ್ಕಳದ ಕಡೆಯ ನಮ್ಮ ಊರಿನ ಕೃಷಿಕರು ಎಂದಿನಂತೆ ಕೋವಿ ಹಿಡಿದು ಠಾಣೆಗೆ ಹೊರಟರು. ಬೆಳೆರಕ್ಷಣೆಯ ಕೋವಿಗಳು ಚುನಾವಣೆ ಮುಗಿಯುವವರೆಗೆ ಅಲ್ಲೇ ಇರಬೇಕು; ನೀತಿಸಂಹಿತೆ ಅನ್ವಯವಾಗದಿರುವುದು ಕಾಡುಹಂದಿಗಳಿಗೆ ಮಾತ್ರ. ದೊಡ್ಡಪ್ಪನ ಜೋಡುನಳಿಗೆಯ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ನಾನೂ ಹೋಗಿದ್ದೆ.

ಜಗಲಿಯಲ್ಲಿ ನಮ್ಮ ಪಕ್ಕ ಕುಳಿತವರು ಟಾಂಜಾನಿಯಾದ ಅರುಷಾದಲ್ಲಿ ಶಿಕಾರಿ ಕಂಪನಿಯೊಂದರ ಲೆಕ್ಕ ಬರೆದು ನಿವೃತ್ತರಾದವರು. ಮಾತಿನ ನಡುವೆ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ನನ್ನ ಅಂಗೈಗೆ ಸುರಿದರು: ಹಾರಿಸಿದ ಗುಂಡು. ಅರ್ಧ ಸುಲಿದ ಕದಳಿ ಹಣ್ಣಿನ ಹಾಗೆ ತಾಮ್ರದ ಕವಚ ನಾಲ್ಕು ಕಡೆಗೆ ಹಿಂದಕ್ಕೆ ಸುರುಳಿಯಾಗಿತ್ತು, ನಡುವೆ ಚಪ್ಪಟೆಯಾದ ಬೂದುಬಣ್ಣದ ಸೀಸ. ಹಾರುವಾಗ ಒಂಬತ್ತೂವರೆ ಮಿಲಿಮೀಟರ್ ದಪ್ಪವಿದ್ದದ್ದು ಈಗ ಹೆಚ್ಚುಕಡಿಮೆ ಎರಡರಷ್ಟು. ಆಫ್ರಿಕದ ಕಾಡೆಮ್ಮೆಯೊಂದರ ಹೆಗಲಿನ ಆಚೆಬದಿಯ ಚರ್ಮದಡಿ ಸಿಕ್ಕಿದ್ದಂತೆ.

"ಏಳುನೂರು ಕಿಲೋದ ಪ್ರಾಣಿ ಇದರ ಏಟಿಗೆ ಉರುಳಿ ಬೀಳುತ್ತದೆಯೇ?" ದೊಡ್ಡಪ್ಪ ಕೇಳಿದರು.

"ಎಲ್ಲಿಯ ಮಾತು ಮಾರಾಯರೇ! ಗುಂಡಿನ ನೂಕುಬಲ ಹಾರಿಸಿದವನ ಹೆಗಲಿಗೆ ಬೀಳುವ ಒದೆತಕ್ಕಿಂತ ಹೆಚ್ಚಿರುವುದಿಲ್ಲ. ಮೆದುಳಿಗೋ ಬೆನ್ನುಹುರಿಗೋ ತಾಗಿದರೆ ಮಾತ್ರ ನಿಂತಲ್ಲೇ ಬೀಳುತ್ತದೆ. ಹೃದಯ ಹರಿದರೂ ರಕ್ತದೊತ್ತಡ ಇಳಿಯುವಷ್ಟರಲ್ಲಿ ನೂರು ಮೀಟರ್ ಓಡಿಬಿಡಬಹುದು."

ಗುಂಡು ಒಳಗೆ ಅರಳಬೇಕು, ಆದರೆ ಅವಸರದಲ್ಲಿ ಅಲ್ಲ. ಮೂಳೆಗೆ ತಾಗಿದೊಡನೆ ಚೂರಾದರೆ ಶ್ವಾಸಕೋಶ ಮುಟ್ಟುವುದಿಲ್ಲ. ಅರಳದೆ ಹೋದರೆ ಸಣ್ಣ ತೂತು ಮಾಡಿ ಆಚೆ ಹಾರುತ್ತದೆ. ಆನೆಯ ದಪ್ಪ ತಲೆಬುರುಡೆಗೆ ಮಾತ್ರ ಅರಳದ ಗಟ್ಟಿ ಗುಂಡೇ ಬೇಕಂತೆ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅರಳುವ ಗುಂಡನ್ನು ನಿಷೇಧಿಸಿತು, ಮನುಷ್ಯನಿಗೆ ಅದು ಕ್ರೌರ್ಯವೆಂದು. ಶಿಕಾರಿಯಲ್ಲಿ ಅದೇ ಗುಂಡು, ಪ್ರಾಣಿ ನರಳದೆ ಬೇಗ ಸಾಯುತ್ತದೆಂದು, ಕರುಣೆಯ ಲೆಕ್ಕಕ್ಕೆ ಸೇರಿದ್ದು ನನಗೆ ಇಂದಿಗೂ ಸರಿಯಾಗಿ ಜೀರ್ಣವಾಗಿಲ್ಲ.

ದೊಡ್ಡಪ್ಪನಿಗೆ ಅಜ್ಜನ ಕಾಲ ನೆನಪಾಯಿತು. 1972ರ ವನ್ಯಜೀವಿ ಕಾಯಿದೆಗೆ ಮುಂಚಿನ ಮಾತು. ಈಡು ತಾಗಿದ ಹಂದಿ ಪೊದೆ ಸೇರಿದರೆ ಅಜ್ಜ ಯಾರನ್ನೂ ಹಿಂದೆ ಓಡಲು ಬಿಡುತ್ತಿರಲಿಲ್ಲ. ಮೊದಲು ಎಲೆಯ ಮೇಲಿನ ರಕ್ತ ನೋಡುವುದು. ಗುಲಾಬಿ ಬಣ್ಣದ ನೊರೆಯಿದ್ದರೆ ಶ್ವಾಸಕೋಶ, ಹಂದಿ ದೂರ ಹೋಗಿರುವುದಿಲ್ಲ. ಕಪ್ಪುಗೆಂಪಾಗಿದ್ದರೆ ಪಿತ್ತಜನಕಾಂಗ. ಹಸಿರು ಬೆರೆತು ಹುಳಿನಾತ ಬಂದರೆ ಹೊಟ್ಟೆ, ಆಗ ಗಂಟೆಗಟ್ಟಲೆ ಎಲೆಯಡಿಕೆ ಜಗಿಯುತ್ತಾ ಕುಳಿತಿರಬೇಕು. ಅಟ್ಟಿಸಿಕೊಂಡು ಹೋದರೆ ನೋವಿನಲ್ಲೇ ಮತ್ತೊಂದು ಗುಡ್ಡ ದಾಟುತ್ತದೆ. ಹಾಗೆ ದಾಟಿದ ಹಂದಿಯೊಂದು ಮರುದಿನ ತೋಡಿನ ಬದಿಯಲ್ಲಿ ಇನ್ನೂ ಉಸಿರಾಡುತ್ತಿದ್ದುದನ್ನು ದೊಡ್ಡಪ್ಪ ಬಾಲಕನಾಗಿದ್ದಾಗ ಕಂಡಿದ್ದರು. ಹೆಗಲಿಗೆ ಬೀಳಬೇಕಿದ್ದ ಚರೆ ಒಂದು ಗೇಣು ಹಿಂದೆ ಬಿದ್ದಿತ್ತು, ಅಷ್ಟೇ.

ಕೋವಿ ಎಷ್ಟು ದೊಡ್ಡದು ಎಂದು ಕೊಚ್ಚಿಕೊಳ್ಳುವವರನ್ನು ಕಂಡರೆ ನನಗೆ ಈಗ ಆ ಒಂದು ಗೇಣಿನ ಬಗ್ಗೆ ಕೇಳಬೇಕೆನಿಸುತ್ತದೆ.

"ನಿಮ್ಮಲ್ಲಿ ಗಾಯಗೊಂಡು ತಪ್ಪಿಸಿಕೊಂಡರೆ?" ದೊಡ್ಡಪ್ಪ ಕೇಳಿದರು.

"ರಕ್ತ ಕಂಡರೆ ಸಾಕು, ಪ್ರಾಣಿ ಸಿಗದಿದ್ದರೂ ಶಿಕಾರಿಗೆ ಬಂದವನು ಅದರ ಪೂರ್ತಿ ಶುಲ್ಕ ಕಟ್ಟಬೇಕು. ಡಾಲರಿನಲ್ಲಿ. ಲೆಕ್ಕ ಬರೆಯುತ್ತಿದ್ದವನು ನಾನೇ ಅಲ್ಲವೇ!"

"ನಮ್ಮಲ್ಲಿ ಆ ಕಾನೂನು ಇದ್ದಿದ್ದರೆ," ದೊಡ್ಡಪ್ಪ ನಕ್ಕರು, "ಊರಿನ ಅರ್ಧ ಶಿಕಾರಿದಾರರು ಗದ್ದೆ ಮಾರಬೇಕಾಗುತ್ತಿತ್ತು."