ಐಓಎಸ್ 26ರ ಗಾಜು ಮತ್ತು ದಾವಣಗೆರೆ ಬಿಸ್ಲು

ಒಂದು ಮೊಬೈಲ್ ಓಎಸ್ (ಫೋನ್ ನಡ್ಸೋ ಮೂಲ ಸಾಫ್ಟ್‌ವೇರ್) ಚೆನ್ನಾಗೈತಾ ಇಲ್ವಾ ಅಂತ ಗೊತ್ತಾಗ್ಬೇಕಂದ್ರೆ ಏಪ್ರಿಲ್ ತಿಂಗ್ಳಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನಮ್ ದಾವಣಗೆರೆ ಅಶೋಕ ರೋಡಲ್ಲಿ ನಿಂತ್ಕೊಂಡು ನೋಡ್ಬೇಕು ಅನ್ನೋದು ನನ್ ವಾದ. ಎಸಿ ರೂಮಲ್ಲಿ ಕೂತು ಯೂಟ್ಯೂಬ್ ರಿವ್ಯೂ ನೋಡಿದ್ರೆ ಎಲ್ಲಾ ಓಎಸ್ಸೂ ಚಂದಾನೆ ಕಾಣ್ತವೆ.

ಆಪಲ್‌ನೋರು ಐಫೋನಿನ ಓಎಸ್ ಆದ ಐಓಎಸ್‌ಗೆ ಲಿಕ್ವಿಡ್ ಗ್ಲಾಸ್ ಅನ್ನೋ ಗಾಜಿನಂಥ ಹೊಸ ಡಿಸೈನನ್ನ 2025ರ ಜೂನ್ 9ಕ್ಕೆ ತೋರ್ಸಿದ್ರು, ಸೆಪ್ಟೆಂಬರ್ 15ಕ್ಕೆ ಎಲ್ರಿಗೂ ಬಿಟ್ರು, ಜೊತೆಗೆ ಐಓಎಸ್ ನಂಬರ್ ಬೇರೆ 18ರಿಂದ ಸೀದಾ 26ಕ್ಕೆ ಹಾರ್ಸಿದ್ರು. 2013ರಲ್ಲಿ ಐಓಎಸ್ 7 ಬಂದ್ಮೇಲೆ ಇಷ್ಟು ದೊಡ್ಡ ಬದಲಾವಣೆ ಆಗಿರ್ಲಿಲ್ಲ. ಬಟನ್ನು, ಮೆನು, ಕೆಳಗಿನ ಬಾರು ಎಲ್ಲಾ ಈಗ ಗಾಜು. ಅದೂ ಬರೀ ಮಬ್ಬು ಗಾಜಲ್ಲ, 2007ರಲ್ಲಿ ವಿಂಡೋಸ್ ವಿಸ್ಟಾದಲ್ಲೂ ಅಂಥ ಮಬ್ಬು ಗಾಜು ಇತ್ತಲ್ಲ, ಇದ್ರಲ್ಲಿ ಕೆಳಗಿರೋ ಚಿತ್ರ ಅಂಚಿಗೆ ಬಂದಾಗ ಬಗ್ಗುತ್ತೆ, ಬೆಳಕು ಹೊಳೆಯುತ್ತೆ. (ನಮ್ಮೂರಿಗೆ ಗಾಜು ಹೊಸ್ದೇನಲ್ಲ ಬಿಡ್ರಿ, ಕುಂದವಾಡ ಕೆರೆ ಹತ್ರ ಗಾಜಿನ ಮನೇನೇ ಐತೆ.)

ಚಂದ ಇರೋದನ್ನ ಚಂದ ಅಂತಾನೆ ಹೇಳ್ತೀನಿ. ಕೆಳಗಿನ ಟ್ಯಾಬ್ ಬಾರ್ ಮೇಲೆ ಬೆರಳು ಒತ್ತಿ ಹಿಡಿದು ಪಕ್ಕಕ್ಕೆ ಎಳೀರಿ, ಒಂದು ಹನಿ ಎದ್ದು ಬರುತ್ತೆ, ಅದರ ಕೆಳಗೆ ಬಂದ ಐಕಾನು ದೊಡ್ಡದಾಗುತ್ತೆ, ಬೆರಳು ಬಿಟ್ರೆ ಮೆಲ್ಲಗೆ ಕೂತ್ಕೊಳುತ್ತೆ. ಕೆಲ್ಸಕ್ಕೆ ಬರ್ದಿದ್ರೂ ಸುಮ್ನೆ ಮಾಡ್ತಾ ಕೂರೋಣ ಅನ್ಸುತ್ತೆ. ಲಾಕ್ ಸ್ಕ್ರೀನಲ್ಲಿ ಗಡಿಯಾರದ ಅಂಕಿ ಫೋಟೋಗೆ ತಕ್ಕಂಗೆ ಉದ್ದ ಆಗೋದೂ ಒಳ್ಳೆ ಐಡಿಯಾ. ಕ್ಯಾಮರಾ ಆಪಲ್ಲಿ ಕಣ್ಣಿಗೆ ಬೀಳೋದು ಫೋಟೋ, ವಿಡಿಯೋ ಎರಡೇ, ಉಳಿದವು ಸರ್ಸಿದ್ರೆ ಬರ್ತವೆ, ಅದು ಮುಂಚೇನೇ ಮಾಡ್ಬೇಕಿತ್ತು.

ತೊಂದ್ರೆ ಶುರುವಾಗೋದು ಓದೋ ಜಾಗದಲ್ಲಿ. ಸಫಾರಿಯಲ್ಲಿ ಕನ್ನಡ ಪೇಪರ್ ತೆಗೆದು ಮೇಲಕ್ಕೆ ಸ್ಕ್ರೋಲ್ ಮಾಡ್ರಿ, ಹೆಡ್‌ಲೈನ್ ಹೋಗಿ ಗಾಜಿನ ಬಾರ್ ಕೆಳಗೆ ಸೇರ್ಕೊಂಡಾಗ ಬಾರ್ ಮೇಲಿನ ಅಕ್ಷರ ಯಾವ್ದು ಕೆಳಗಿನ ಅಕ್ಷರ ಯಾವ್ದು ಅಂತ ಒಂದು ಕ್ಷಣ ಕಣ್ಣು ತಡವರ್ಸುತ್ತೆ. ಇಂಗ್ಲಿಷಿಗಾದ್ರೆ ಹೆಂಗೋ ನಡೆಯುತ್ತೆ, ಅಕ್ಷರ ಬಿಡಿಬಿಡಿ. ನಮ್ದು ಹಂಗಲ್ವಲ್ಲ, ಮೇಲೆ ಗುಡಿಸು, ಕೆಳಗೆ ಒತ್ತು, ದ ಧ ಥ ಮೂರಕ್ಕೂ ಇರೋ ವ್ಯತ್ಯಾಸ ಒಂದು ಸೀಳು ಒಂದು ಚುಕ್ಕಿ, ಅದು ಗಾಜಲ್ಲಿ ಕರಗಿಹೋದ್ರೆ ಓದೋದಲ್ಲ, ಊಹೆ ಮಾಡೋದು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಇರ್ಬೇಕು ಅಂತ ವೆಬ್‌ನೋರದ್ದು ಒಂದು ಮಾನದಂಡ ಐತೆ. ಹಿನ್ನೆಲೆಯೇ ಕ್ಷಣಕ್ಕೊಂದು ಬದಲಾಗ್ತಿದ್ರೆ ಅಳೆಯೋದು ಯಾವ್ದನ್ನ?

ಈಗ ಬಿಸ್ಲಿಗೆ ಬರೋಣ. ಐಫೋನ್ ಬಳಸೋಕೆ ಸುತ್ತಲಿನ ಉಷ್ಣಾಂಶ 0ಯಿಂದ 35 ಡಿಗ್ರಿ ಒಳಗಿರ್ಬೇಕು ಅಂತ ಆಪಲ್‌ನೋರೇ ಬರ್ದಿಟ್ಟಿದಾರೆ. ನಮ್ಮಲ್ಲಿ ಬೇಸಿಗೆಯಲ್ಲಿ 35 ದಾಟೋದು ಮಾಮೂಲು. ಫೋನ್ ಕಾದ್ರೆ ತನ್ನನ್ನ ತಾನು ಕಾಪಾಡ್ಕೊಳೋಕೆ ಸ್ಕ್ರೀನ್ ಬೆಳಕು ತಾನೇ ಇಳ್ಸುತ್ತೆ. ಅಂದ್ರೆ ಯಾವಾಗ ಜಾಸ್ತಿ ಬೆಳಕು ಬೇಕೋ ಆವಾಗ್ಲೇ ಸಿಗಲ್ಲ. ಗಟ್ಟಿ ಬಣ್ಣದ ಹಿನ್ನೆಲೆ ಇದ್ದಾಗ ಇದನ್ನ ಹೆಂಗೋ ತಡ್ಕೊಬೋದಿತ್ತು, ಗಾಜಿನ ಮೇಲೆ ಬಿಳಿ ಅಕ್ಷರ ಇಟ್ರೆ ತಡ್ಕೊಳೋಕೆ ಜಾಗಾನೇ ಉಳಿಯಲ್ಲ. ಇದನ್ನ ಯಾವ ರಿವ್ಯೂದಲ್ಲೂ ನಾನು ಕೇಳ್ಲಿಲ್ಲ.

ನಮ್ ದೊಡ್ಡಮ್ಮನ ಕೈಗೆ ಕೊಟ್ಟಾಗ ಅವ್ರು ಹೇಳಿದ್ದು, "ಏನೋ ಇದು, ಫೋನ್ ಮೇಲೆ ಯಾರೋ ನೀರು ಚೆಲ್ಲಿದಂಗೈತಲ್ಲೋ, ಒರೆಸ್ಕೊಡು." ಇದಕ್ಕಿಂತ ಚೆನ್ನಾಗಿ ನಾನಂತೂ ರಿವ್ಯೂ ಬರೆಯಕ್ಕಾಗಲ್ಲ.

ಆಪಲ್‌ನೋರಿಗೂ ಇದು ಗೊತ್ತಿರ್ಲಿಲ್ಲ ಅಂತಲ್ಲ. ಮೊದಲ ಬೀಟಾದಲ್ಲಿ (ಎಲ್ರಿಗೂ ಬಿಡೋ ಮುಂಚಿನ ಪರೀಕ್ಷೆ ಆವೃತ್ತಿ) ಕಂಟ್ರೋಲ್ ಸೆಂಟರ್ (ವೈಫೈ, ಬೆಳಕು ಥರದ ಬಟನ್ನುಗಳಿರೋ ಪರದೆ) ಓದಕ್ಕೇ ಆಗಲ್ಲ ಅಂತ ಜನ ಬೊಬ್ಬೆ ಹೊಡೆದ್ರು, ಎರಡನೇದ್ರಲ್ಲಿ ಮಬ್ಬು ಜಾಸ್ತಿ ಮಾಡಿದ್ರು, ಮೂರನೇದ್ರಲ್ಲಿ ಇನ್ನೂ ಮಬ್ಬು, ನಾಲ್ಕನೇದ್ರಲ್ಲಿ ಮತ್ತೆ ತೆಳು. ಕೊನೆಗೆ ನವೆಂಬರ್‌ನಲ್ಲಿ 26.1 ಬಿಟ್ಟಾಗ ಗಾಜಿನ ಪಾರದರ್ಶಕತೆ ಕಮ್ಮಿ ಮಾಡೋ ಟಿಂಟೆಡ್ ಅಂತ ಒಂದು ಆಯ್ಕೆ ಕೊಟ್ಟು ನಿಮಗೆ ಬೇಕಾದಂಗೆ ಮಾಡ್ಕೊಳ್ರಪ್ಪ ಅಂದ್ರು. ಐಓಎಸ್ 7ರ ಕಥೆನೂ ಇದೇ, ಬೀಟಾದಲ್ಲಿ ಕೂದಲೆಳೆಯಂಥ ಫಾಂಟ್ ಇಟ್ಟು ಆಮೇಲೆ ದಪ್ಪ ಮಾಡಿದ್ರು, ಅನಿಮೇಷನ್ ನೋಡಿ ಕೆಲವ್ರಿಗೆ ತಲೆ ಸುತ್ತು ಬಂತು, 2014ರ ಮಾರ್ಚಲ್ಲಿ 7.1 ಬಂದ್ಮೇಲೇ ಅದೊಂದು ಹದಕ್ಕೆ ಬಂದಿದ್ದು. ಹಂಗಾಗಿ ಹೊಸ ಡಿಸೈನಿಗೆ ಮೊದಲ ದಿನಾನೇ ಮಾರ್ಕ್ಸ್ ಕೊಡೋದ್ರಲ್ಲಿ ನಂಗೆ ನಂಬಿಕೆ ಇಲ್ಲ, ಬೈಯೋದ್ರಲ್ಲೂ ಇಲ್ಲ.

ನನ್ ತೀರ್ಮಾನ ಇಷ್ಟೇ: ಫೋಟೋ, ಮ್ಯಾಪ್ ಮೇಲೆ ತೇಲೋ ಬಟನ್‌ಗಳಿಗೆ ಗಾಜು ಸರಿ, ಕೆಳಗಿರೋ ಚಿತ್ರಕ್ಕೆ ಅಡ್ಡ ಬರಲ್ಲ. ನೋಟಿಫಿಕೇಷನ್, ಮೆನು, ಸಫಾರಿ ಬಾರ್ ಅಂದ್ರೆ ಓದೋ ಕಡೆ ತಪ್ಪು. ಎರಡಕ್ಕೂ ಒಂದೇ ಬಣ್ಣ ಬಳಿಯೋ ಹಠ ಯಾಕೋ.

ಈಗಾಗ್ಲೇ ಅಪ್ಡೇಟ್ ಮಾಡ್ಕೊಂಡಿದ್ರೆ ಸೆಟ್ಟಿಂಗ್ಸಲ್ಲಿ ಡಿಸ್‌ಪ್ಲೇ ಅಂಡ್ ಬ್ರೈಟ್‌ನೆಸ್ ಒಳಗೆ ಲಿಕ್ವಿಡ್ ಗ್ಲಾಸ್ ಅಂತೈತೆ, ಟಿಂಟೆಡ್ ಒತ್ರಿ. ಆಕ್ಸೆಸಿಬಿಲಿಟಿಯಲ್ಲಿ ರೆಡ್ಯೂಸ್ ಟ್ರಾನ್ಸ್‌ಪರೆನ್ಸಿ ಅಂತ ಇನ್ನೊಂದೈತೆ, ಅದು ಹಾಕಿದ್ರೆ ಅಕ್ಷರ ಚೆನ್ನಾಗಿ ಕಾಣುತ್ತೆ ಆದ್ರೆ ಸ್ಕ್ರೀನೆಲ್ಲ ಅರ್ಧಂಬರ್ಧ ಕಟ್ಟಿ ಬಿಟ್ಟಂಗೆ ಬೋಳುಬೋಳು, ವಯಸ್ಸಾದೋರಿಗೆ ಮಾತ್ರ ಹಾಕ್ಕೊಡ್ರಿ. ಫೋನ್ ಆಪಲ್ಲಿ ಫೇವರಿಟ್ಸು ರೀಸೆಂಟ್ಸು ಎಲ್ಲಾ ಕಲ್ಸಿಟ್ಟಿದಾರೆ, ಹಳೇದೇ ಬೇಕಂದ್ರೆ ಅಲ್ಲೇ ಕ್ಲಾಸಿಕ್ ಅಂತ ಐತೆ. ಹಳೇ ಫೋನಂದ್ರೆ 2019ರ ಐಫೋನ್ 11ವರೆಗೂ 26 ಬರುತ್ತೆ, ಅಪ್ಡೇಟ್ ಆದ ಮೊದಲ ಕೆಲವು ದಿನ ಬ್ಯಾಟರಿ ಬೇಗ ಇಳಿದ್ರೆ ಗಾಬರಿ ಬೀಳ್ಬೇಡ್ರಿ, ಒಳಗೆ ಇಂಡೆಕ್ಸಿಂಗ್ (ಫೋನಲ್ಲಿರೋದನ್ನ ಹುಡುಕೋಕೆ ಪಟ್ಟಿ ಮಾಡ್ಕೊಳೋದು) ನಡೀತಿರುತ್ತೆ. ಎಕ್ಸ್‌ಆರ್, ಎಕ್ಸ್‌ಎಸ್ ಇರೋರಿಗೆ 26 ಇಲ್ವೇ ಇಲ್ಲ, ಅವ್ರು 18ರಲ್ಲೇ ಉಳೀಬೇಕು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಎಕ್ಸ್‌ಆರ್ ಅಗ್ಗಕ್ಕೆ ಸಿಗ್ತಿದ್ರೆ ಯಾಕೆ ಅಗ್ಗ ಅಂತ ಕೇಳಿ ತಗೊಳ್ರಿ.