ಉಳುಕಿದ ಬಲಗಾಲು: ಒಂಬತ್ತು ವಾರಗಳ ಅಭ್ಯಾಸ ದಾಖಲೆ

ದಿನ 1

ಐದು ಕಿಲೋಮೀಟರ್ ದೂರವನ್ನು ಎಲ್ಲಿಯೂ ನಿಲ್ಲದೆ ಓಡಬೇಕೆಂದು ನಡೆಸುತ್ತಿದ್ದ ಅಭ್ಯಾಸಕ್ಕೆ ಇಂದು ತಡೆ ಬಿದ್ದಿದೆ. ಸಣ್ಣ ಗುಂಡಿಯ ಅಂಚಿನ ಮೇಲೆ ಇಟ್ಟ ಬಲಗಾಲು ಒಳಮುಖವಾಗಿ ಹೊರಳಿತು. ಆದ್ದರಿಂದ ಮುಂದಿನ ಕೆಲವು ವಾರ ಈ ದಾಖಲೆಯಲ್ಲಿ ಓಡಿದ ದೂರದ ಬದಲು ಕಾಲಿನ ಚೇತರಿಕೆಯನ್ನು ಬರೆಯುತ್ತೇನೆ.

ಪಾದ ಹೀಗೆ ಒಳಕ್ಕೆ ಹೊರಳಿದಾಗ ಹೊರಬದಿಯ ಅಸ್ಥಿರಜ್ಜುಗಳು, ಅಂದರೆ ಮೂಳೆಯನ್ನು ಮೂಳೆಗೆ ಬಿಗಿದು ಹಿಡಿದಿರುವ ಪಟ್ಟಿಗಳು, ಮಿತಿಮೀರಿ ಹಿಗ್ಗುತ್ತವೆ ಅಥವಾ ಹರಿಯುತ್ತವೆ. ಅವುಗಳಲ್ಲಿಯೂ ಹರಡಿನ, ಅಂದರೆ ಪಾದವು ಕಾಲಿಗೆ ಸೇರುವ ಕೀಲಿನ, ಹೊರಮೂಳೆಯಿಂದ ಮುಂದಕ್ಕೆ ಸಾಗುವ ಪಟ್ಟಿಗೇ ಹೆಚ್ಚಾಗಿ ಪೆಟ್ಟಾಗುತ್ತದೆ. ನನಗೆ ನೋವಿದ್ದುದು ಸರಿಯಾಗಿ ಅಲ್ಲಿಯೇ.

ಮೊದಲು ತಿಳಿಯಬೇಕಾದದ್ದು ಇದು ಬರಿಯ ಉಳುಕೋ ಮೂಳೆಯ ಬಿರುಕೋ ಎಂಬುದು. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಅವರ ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದ, ಇಂದಿಗೂ ವೈದ್ಯರು ಬಳಸುವ ನಿಯಮಗಳು ಇದಕ್ಕೆ ನೆರವಾಗುತ್ತವೆ. ಹರಡಿನ ಎರಡು ಬದಿಯ ಮೂಳೆಗಳ ಹಿಂದಿನ ಅಂಚನ್ನು ತುದಿಯಿಂದ ಮೇಲಕ್ಕೆ ಸುಮಾರು 6 ಸೆಂಟಿಮೀಟರ್‌ವರೆಗೆ ಒತ್ತಿದಾಗ ಮೂಳೆಯ ಮೇಲೆಯೇ ನೋವಾದರೆ, ಅಥವಾ ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿಗೂ ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ ಎಕ್ಸ್‌ರೇ ಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿದಂತೆ ಕೈಗೆ ಸಿಗುವ ಮೂಳೆಯನ್ನೂ ಒಳಬದಿಯಲ್ಲಿ ಪಾದದ ಕಮಾನಿನ ಮೇಲ್ಭಾಗದ ಮೂಳೆಯನ್ನೂ ಹೀಗೆಯೇ ಒತ್ತಿ ನೋಡಬೇಕು. ಪಾದದ ಆಕಾರ ಕೆಟ್ಟಿದ್ದರೆ, ಅದು ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಅಥವಾ ಮರಗಟ್ಟಿದ್ದರೆ ಈ ಯಾವ ಪರೀಕ್ಷೆಗೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ನಾನು ಕುಂಟುತ್ತಲಾದರೂ ಹತ್ತು ಹೆಜ್ಜೆ ನಡೆದೆ. ಮೂಳೆಯ ಮೇಲೆ ಎಲ್ಲಿಯೂ ನೋವಿರಲಿಲ್ಲ.

ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷದಂತೆ ನಾಲ್ಕು ಬಾರಿ ಇಟ್ಟು, ಮಲಗಿದಾಗ ಕಾಲನ್ನು ಎದೆಗಿಂತ ಎತ್ತರದಲ್ಲಿ ದಿಂಬುಗಳ ಮೇಲೆ ಇರಿಸಿದ್ದೇನೆ. ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಎತ್ತರ ಎಂಬ ಪ್ರಸಿದ್ಧ ಸೂತ್ರವನ್ನು 1978ರಲ್ಲಿ ಬಳಕೆಗೆ ತಂದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ, ಮಂಜುಗಡ್ಡೆ ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ನಿಧಾನಗೊಳಿಸಬಹುದೆಂದು ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಆದ್ದರಿಂದ ನಾನು ಮಂಜುಗಡ್ಡೆಯನ್ನು ನೋವು ತಗ್ಗಿಸಲೆಂದು ಮಾತ್ರ ಮೊದಲ ಎರಡು ದಿನ ಬಳಸುತ್ತೇನೆ.

ದಿನ 2

ನಿನ್ನೆ ರಾತ್ರಿ ಕ್ರೇಪ್ ಬ್ಯಾಂಡೇಜನ್ನು ಹರಡಿನ ಬಳಿಯಿಂದ ಸುತ್ತಲು ಆರಂಭಿಸಿ ಅಲ್ಲಿಯೇ ಬಿಗಿಯಾಗಿ ಕಟ್ಟಿದ್ದೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಊದಿ ಜುಮ್ಮೆನ್ನುತ್ತಿದ್ದವು. ಸರಿಯಾದ ಕ್ರಮವೆಂದರೆ ಬೆರಳುಗಳ ಬುಡದಿಂದ ಆರಂಭಿಸಿ, ಪ್ರತಿ ಸುತ್ತು ಹಿಂದಿನದರ ಅರ್ಧವನ್ನು ಮುಚ್ಚುವಂತೆ ಮೇಲಕ್ಕೆ ಸಾಗುತ್ತ, ಮೇಲೆ ಹೋದಂತೆ ಬಿಗಿಯನ್ನು ಸಡಿಲಿಸುವುದು. ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಬೇಕು. ಬಿಸಿ ಶಾಖ ಕೊಡುವುದು, ಉಳುಕಿದ ಜಾಗವನ್ನು ಬಲವಾಗಿ ತಿಕ್ಕುವುದು ಈ ದಿನಗಳಲ್ಲಿ ಬೇಡವೇ ಬೇಡ. ಎರಡರಿಂದಲೂ ಊತ ಹೆಚ್ಚುತ್ತದೆ.

ದಿನ 5

ನೀಲಿ ಬಣ್ಣ ಹರಡಿನಿಂದ ಕೆಳಗಿಳಿದು ಹಿಮ್ಮಡಿಯ ಅಂಚಿನಲ್ಲಿ ಗೆರೆ ಎಳೆದಂತೆ ನಿಂತಿದೆ. ಇದು ಹೊಸ ಪೆಟ್ಟಲ್ಲ, ಒಳಗೆ ಒಸರಿದ ರಕ್ತ ಗುರುತ್ವದಿಂದ ಕೆಳಗೆ ಜಾರಿದ್ದು. ಇಂದು ವೈದ್ಯರಿಗೆ ತೋರಿಸಿದೆ. ಊತ ಸ್ವಲ್ಪ ಇಳಿದ ನಾಲ್ಕೈದು ದಿನಗಳ ನಂತರವೇ ಅಸ್ಥಿರಜ್ಜು ಎಷ್ಟು ಹರಿದಿದೆಯೆಂಬುದು ಕೈಪರೀಕ್ಷೆಯಲ್ಲಿ ಚೆನ್ನಾಗಿ ತಿಳಿಯುತ್ತದೆಯಂತೆ. ನನ್ನದು ಭಾಗಶಃ ಹರಿದ ಎರಡನೆಯ ದರ್ಜೆಯ ಉಳುಕು.

ನೋವು ತಡೆಯುವಷ್ಟರ ಮಟ್ಟಿಗೆ ಕಾಲಿನ ಮೇಲೆ ಭಾರ ಹಾಕಲು ಅನುಮತಿ ಸಿಕ್ಕಿದೆ. ಕುಳಿತಲ್ಲಿಯೇ ಹೆಬ್ಬೆರಳಿನಿಂದ ಗಾಳಿಯಲ್ಲಿ ವರ್ಣಮಾಲೆ ಬರೆಯುವ ವ್ಯಾಯಾಮ ಆರಂಭವಾಯಿತು. ನಮ್ಮ ದುಂಡಗಿನ ಅಕ್ಷರಗಳು ಪಾದವನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತವೆ. ಇಂದು ‘ಋ’ ಬರೆಯುವಾಗ ಹೊರಬದಿ ಹಿಡಿದುಕೊಂಡಿತು, ‘ಐ’ ಸಲೀಸಾಗಿ ಬಂತು.

ಮೂರನೆಯ ವಾರ

ನಡೆಯುವಾಗ ನೋವಿಲ್ಲ, ಮೆಟ್ಟಿಲು ಇಳಿಯುವಾಗಲೂ ಇಲ್ಲ. ಇಪ್ಪತ್ತನೆಯ ದಿನ ಹತ್ತು ನಿಮಿಷ ಓಡಿಯೂ ಬಿಟ್ಟೆ. ಓಡುವಾಗ ಏನೂ ಅನಿಸಲಿಲ್ಲ. ಮರುದಿನ ಬೆಳಿಗ್ಗೆ ಹರಡಿನ ಗುಳಿ ತುಂಬಿಕೊಂಡಿತ್ತು; ಅಳತೆಪಟ್ಟಿಯನ್ನು ಎಂಟರ ಅಂಕಿಯಂತೆ ಪಾದಕ್ಕೂ ಹರಡಿಗೂ ಸುತ್ತಿ ನೋಡಿದರೆ ಎಡಗಾಲಿಗಿಂತ ಒಂದೂವರೆ ಸೆಂಟಿಮೀಟರ್ ಹೆಚ್ಚು ಬಂತು.

ಆಗ ಕಣ್ಣು ಮುಚ್ಚಿ ಒಂಟಿಗಾಲಿನಲ್ಲಿ ನಿಂತು ನೋಡಿದೆ. ಎಡಗಾಲಿನಲ್ಲಿ 28 ಸೆಕೆಂಡ್, ಬಲಗಾಲಿನಲ್ಲಿ ಕೇವಲ 6. ಈ ಎರಡು ಅಂಕಿಗಳು ಅಲ್ಲಿಯವರೆಗೆ ನನಗೆ ಅರ್ಥವಾಗದಿದ್ದುದನ್ನು ತಿಳಿಸಿದವು. ಅಸ್ಥಿರಜ್ಜು ಕೇವಲ ಕಟ್ಟು ಅಲ್ಲ. ಕೀಲು ಯಾವ ಕೋನದಲ್ಲಿದೆಯೆಂದು ಮೆದುಳಿಗೆ ತಿಳಿಸುವ ನರತುದಿಗಳೂ ಅದರಲ್ಲಿವೆ. ಪೆಟ್ಟಾದ ಮೇಲೆ ಆ ಸುದ್ದಿ ಕುಂದುವುದರಿಂದ, ಪಾದ ಹೊರಳುವ ಕ್ಷಣದಲ್ಲಿ ಅದನ್ನು ಹೊರಕ್ಕೆ ಎಳೆದು ಹಿಡಿಯಬೇಕಾದ ಕಣಕಾಲಿನ ಹೊರಬದಿಯ ಸ್ನಾಯುಗಳು ತಡವಾಗಿ ಎಚ್ಚೆತ್ತುಕೊಳ್ಳುತ್ತವೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದೊಂದು ಮುಖ್ಯ ಕಾರಣ. ನೋವು ಹೋದದ್ದನ್ನೇ ಗುಣವಾದದ್ದೆಂದು ಎಣಿಸಿದ್ದು ನನ್ನ ತಪ್ಪು, ಮತ್ತು ಇದೇ ತಪ್ಪನ್ನು ಮಾಡುವವರು ಬಹಳ ಜನ ಇದ್ದಾರೆಂದು ನಾನು ನಂಬಿದ್ದೇನೆ.

ನಾಲ್ಕರಿಂದ ಏಳನೆಯ ವಾರ

ಓಟ ಇಲ್ಲ. ದಿನಕ್ಕೆರಡು ಬಾರಿ ಒಂಟಿಗಾಲಿನ ನಿಲುವು, ಮೊದಲು ಗಟ್ಟಿ ನೆಲದ ಮೇಲೆ, ಬಳಿಕ ಮಡಚಿದ ಕಂಬಳಿಯ ಮೇಲೆ. ಪಾದವನ್ನು ರಬ್ಬರ್ ಪಟ್ಟಿಯ ಎಳೆತದ ವಿರುದ್ಧ ಹೊರಕ್ಕೆ ತಳ್ಳುವುದು, ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವುದು, ತಲಾ ಹದಿನೈದರಂತೆ ಮೂರು ಸುತ್ತು. ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸುವ ಪರೀಕ್ಷೆಯಲ್ಲಿ, ಹೆಬ್ಬೆರಳಿಗೂ ಗೋಡೆಗೂ ಇರುವ ಅಂತರ ನಾಲ್ಕನೆಯ ವಾರ 5 ಸೆಂಟಿಮೀಟರ್ ಇದ್ದದ್ದು ಏಳನೆಯ ವಾರದ ಕೊನೆಗೆ 10 ಆಯಿತು, ಎಡಗಾಲಿನದು 11.

ಒಂಬತ್ತನೆಯ ವಾರ

ಕಣ್ಣು ಮುಚ್ಚಿ ಬಲಗಾಲಿನಲ್ಲಿ 24 ಸೆಕೆಂಡ್ ನಿಂತೆ. ಒಂಟಿಗಾಲಿನಲ್ಲಿ ಮುಂದಕ್ಕೂ ಬದಿಗೂ ಜಿಗಿದು, ಇಳಿದಲ್ಲಿಯೇ ಅಲುಗಾಡದೆ ನಿಲ್ಲಲು ಆಗುತ್ತಿದೆ. ವೈದ್ಯರ ಒಪ್ಪಿಗೆಯ ಮೇರೆಗೆ ಹರಡಿಗೆ ಆಧಾರಪಟ್ಟಿ ಧರಿಸಿ, ಸಮತಟ್ಟಾದ ನೆಲದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬ ಕ್ರಮದಲ್ಲಿ ಆರು ಸುತ್ತು ಮುಗಿಸಿದೆ. ಇಂದು ಬೆಳಿಗ್ಗೆ ಎದ್ದ ಕೂಡಲೇ ಅಳೆದಾಗ ಎರಡೂ ಕಾಲುಗಳ ಸುತ್ತಳತೆ ಒಂದೇ ಇತ್ತು. ಮೂರು ಬೆಳಗ್ಗೆ ಹೀಗೆಯೇ ಇದ್ದರೆ ಓಟವನ್ನು ಎರಡು ನಿಮಿಷಕ್ಕೆ ಏರಿಸುತ್ತೇನೆ. ಕಂಬಳಿಯ ಮೇಲಿನ ನಿಲುವು ಮುಂದುವರಿಯುತ್ತದೆ.