ತಾತನ ರಿವಾಲ್ವರು
ಅಂತೂ ತಾತನ ವೆಬ್ಲಿ ರಿವಾಲ್ವರು ಬಾಯಿಬಿಟ್ಟಿತು! ಶ್ರೀನಿವಾಸಪುರದ ಮನೆಯಲ್ಲಿ ಅದು ಗುಂಡು ಹಾರಿಸಿದ್ದಕ್ಕಿಂತ, ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಹೋಗಿಬಂದಿದ್ದೇ ಹೆಚ್ಚು. ಆಯುಧಪೂಜೆಯ ಕುಂಕುಮ ಗ್ರೀಸಿನ ಜೊತೆ ಸೇರಿ ಬೆಲ್ಲದಚ್ಚಿನಂತೆ ಗಟ್ಟಿಯಾಗಿತ್ತು. ಹೆಬ್ಬೆರಳಲ್ಲಿ ಕೊಂಡಿ ಒತ್ತಿ ನಳಿಗೆ ಬಗ್ಗಿಸಿದರೆ, ನಡುವಿನ ನಕ್ಷತ್ರದಾಕಾರದ ಬಿಲ್ಲೆ ಮೇಲೆದ್ದು ಆರೂ ಖಾಲಿ ತೋಟಾಗಳನ್ನು ಒಟ್ಟಿಗೆ ಹೊರದಬ್ಬಬೇಕು. ಎರಡು ದಿನ ಎಣ್ಣೆ, ಹಿತ್ತಾಳೆ ಬ್ರಷ್ಷು. ಮರಳು ಕಾಗದ ಮಾತ್ರ ಮುಟ್ಟಿಸಲಿಲ್ಲ, ಉಕ್ಕಿನ ಮೇಲಿನ ಹಳೇ ನೀಲಿ ಹೋದರೆ ಹೋಯಿತು. ಸ್ಪ್ರಿಂಗು ಮಾತ್ರ ಲೈಸೆನ್ಸಿರುವ ರಿಪೇರಿಯವರದೇ ಕೆಲಸ. ಅವರು ತಪಾಸಣೆ ಮಾಡಿ ಸರಿ ಎಂದ ಮೇಲೇ ಬೆಂಗಳೂರಿನ ಶೂಟಿಂಗ್ ರೇಂಜಿಗೆ ಹೋದದ್ದು.

ಆರು ಗುಂಡಿನಲ್ಲಿ ಎರಡು ಹಲಗೆಗೆ, ನಾಲ್ಕು ದೇವರಿಗೆ. ತೆರೆದಾಗ ಬಂದ ಸುಟ್ಟ ವಾಸನೆ ಥೇಟ್ ತಾತನ ಕೋಟಿನದು. ಇಷ್ಟು ವರ್ಷ ಅದು ಬೀಡಿ ವಾಸನೆ ಅಂದುಕೊಂಡಿದ್ದೆ.